ಇಪ್ಪತ್ತು ನಿಮಿಷದ ಹಿರಿತನ

ಭಾಷಾಂತರಗಾರ್ತಿ ಪಿಯೆರಿನಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು “ಐದು ಗಂಟೆ ಹತ್ತು ನಿಮಿಷ” ಎಂದು ಗಟ್ಟಿಯಾಗಿ ಓದಿದಾಗ ಒವಿದಿಯೊ ಗಾರ್ಬಿನ್ ಅವಳ ಕಾಲು ನೋಡುತ್ತ ಕೂತಿದ್ದ. ಮೂವತ್ತಾರನೇ ಅಳತೆಯ ಪಾದವನ್ನು ಮೂವತ್ತೈದರ ಬೂಟಿನೊಳಗೆ ತುರುಕಿದ್ದಾಳೆ, ಸಂಜೆಯ ಹೊತ್ತಿಗೆ ಹಿಮ್ಮಡಿ ಉರಿಯುತ್ತದೆ, ಹೇಳಿದರೆ ಕೇಳುವ ಪೈಕಿ ಅಲ್ಲ. ರೊಸಾರಿಯೊದ ಒಂದು ಬೂಟಿನ ಅಂಗಡಿಯಲ್ಲಿ ಮೂವತ್ತಾರು ವರ್ಷ ಮಂಡಿಯೂರಿ ದುಡಿದು ನಿವೃತ್ತನಾದ ಮೇಲೂ ಅವನಿಗೆ ಜನರ ಮುಖಕ್ಕಿಂತ ಮೊದಲು ಕಾಲೇ ಕಾಣುತ್ತಿತ್ತು. ಅವಳು ಓದುತ್ತಿದ್ದದ್ದು ಅವನದೇ ಜನನ ಪತ್ರ. ಅವನ ಮುತ್ತಜ್ಜ ಬೊರ್ತೊಲೊ ಒಂದು ಪೆಟ್ಟಿಗೆ, ಒಂದು ಕೆಮ್ಮು ಹೊತ್ತುಕೊಂಡು ಇಟಲಿಯಿಂದ ಹಡಗು ಹತ್ತಿ ಈ ದೇಶಕ್ಕೆ ಬಂದವನು. ಆ ರಕ್ತದ ಎಳೆ ಹಿಡಿದು ಹೋದರೆ ಮರಿಮಕ್ಕಳೂ ಇಟಲಿಯ ಪೌರರಾಗಬಹುದು, ಇಲ್ಲಿಯ ಪೌರತ್ವವನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಅದಕ್ಕೆ ವಂಶದಲ್ಲಿ ಯಾರು ಹುಟ್ಟಿದರೂ, ಮದುವೆಯಾದರೂ, ಸತ್ತರೂ ಕಾಗದ ಬೇಕು. ಕಾಗದದ ಮೇಲೆ ಮೊಹರು ಬೇಕು. ಮೊಹರಿಗೂ ಇಟಾಲಿಯನ್ನಿನಲ್ಲಿ ತರ್ಜುಮೆ ಬೇಕು. ಎಲ್ಲರ ಬಳಿ ಇರುವ ಚಿಕ್ಕ ಚೀಟಿ ಸಾಲದು, ದಾಖಲೆ ಪುಸ್ತಕದ ಇಡೀ ಪುಟದ ನಕಲು ಆಗಬೇಕು. ಆ ಪುಟವನ್ನು ಗಾರ್ಬಿನ್ ಮನೆತನದವರು ಯಾರೂ ಅರವತ್ತೊಂದು ವರ್ಷದಲ್ಲಿ ಕಣ್ಣೆತ್ತಿ ನೋಡಿರಲಿಲ್ಲ. ಇಟಲಿಯ ಪೌರತ್ವ ಅವನಿಗೆ ಯಾಕೆ ಬೇಕಿತ್ತೋ. ಅವನು ನದಿ ದಾಟಿ ಪಕ್ಕದ ದೇಶಕ್ಕೆ ಹೋದದ್ದೇ ಒಂದು ಸಲ, ಆಗಲೂ ಹೊಟ್ಟೆ ಕೆಟ್ಟಿತ್ತು. ಎದುರು ಮನೆಯವರು ಮಾಡಿಸಿದ್ದರು, ಇವರೂ ಹೆಸರು ಬರೆಸಿದರು, ಏಳು ವರ್ಷ ಕಾದರು. ದೂತಾವಾಸ ಕೊಟ್ಟ ದಿನ ಬರುವ ಗುರುವಾರ.

“ಇನ್ನೊಂದ್ಸಲ ಓದಿ,” ಅಂದ ಒವಿದಿಯೊ.

“ಎಲ್ಲಿಂದ?”

“ಹತ್ತು ನಿಮಿಷದಿಂದ.”

ಪಿಯೆರಿನಾ ಗಂಟಲು ಸರಿ ಮಾಡಿಕೊಂಡಳು. “ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷಕ್ಕೆ, ಹೇಳಿಕೆ ಕೊಟ್ಟವರ ಮನೆಯಲ್ಲಿ, ಒಂದು ಗಂಡು ಮಗು ಹುಟ್ಟಿತು, ಅವಳಿ ಹೆರಿಗೆಯಲ್ಲಿ ಇದು ಮೊದಲನೆಯದು, ಹೆಸರು ಒವಿದಿಯೊ. ಮುಂದಿನ ಹಾಳೆ ನಿಮ್ಮಣ್ಣಂದು. ಅದೇ ದಿನ, ಐದೂವರೆಗೆ, ಎರಡನೆಯದು, ಹೆಸರು ರೆನ್ಸೊ. ಅಣ್ಣ ಅನ್ನಬಾರದು ಈಗ, ಅಲ್ವಾ? ತಮ್ಮ.”

“ತಪ್ಪಾಗಿದೆ.”

“ನನ್ನ ತರ್ಜುಮೆಲಿ ತಪ್ಪಾಗಲ್ಲ ಸ್ವಾಮಿ. ನಾನು ಪ್ರಮಾಣ ಮಾಡಿದೋಳು. ನೋಡಿ, ಇಲ್ಲಿ ಕಾಫಿ ಚೆಲ್ಲಿದೆ, ಅದನ್ನೂ ‘ಕಂದು ಬಣ್ಣದ ಕಲೆ’ ಅಂತ ತರ್ಜುಮೆ ಮಾಡಿದೀನಿ.”

“ನಿಮ್ಮದಲ್ಲ ರೀ. ಹುಟ್ಟಿದ್ದರಲ್ಲಿ ತಪ್ಪಾಗಿದೆ.”

“ಹುಟ್ಟಿದ್ದರಲ್ಲಿ ತಪ್ಪಾದ್ರೆ ನಾನೇನು ಮಾಡ್ಲಿ? ಅದಕ್ಕೆ ಜಡ್ಜ್ ಹತ್ರ ಹೋಗ್ಬೇಕು. ಎಂಟು ತಿಂಗಳು ಹಿಡಿಯತ್ತೆ. ನಿಮ್ಮ ಗುರುವಾರ ಹೋಯ್ತು ಅಂತ್ಲೇ ತಿಳ್ಕೊಳ್ಳಿ.” ಅವಳು ಹಾಳೆಗಳನ್ನು ಲಕೋಟೆಗೆ ತುಂಬಿ ಅವನ ಕೈಗಿಟ್ಟಳು. “ಸುಮ್ನೆ ತಗೊಂಡು ಹೋಗಿ. ಯಾರು ಮೊದಲು ಬಂದ್ರು ಅನ್ನೋದು ಇಟಲಿಗೆ ಬೇಕಾಗಿಲ್ಲ.”

ಇಟಲಿಗೆ ಬೇಕಾಗಿಲ್ಲ. ಬಸ್ಸಿನ ಹಿಂಬದಿಯ ಸೀಟಿನಲ್ಲಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಅದೇ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇಟಲಿಗೆ ಬೇಡದಿದ್ದರೆ ಬೇಡ, ಇಲ್ಲಿ ಒಬ್ಬ ಮನುಷ್ಯನ ಇಡೀ ಬಾಳು ಆ ಇಪ್ಪತ್ತು ನಿಮಿಷದ ಮೇಲೆ ನಿಂತಿತ್ತಲ್ಲ. ಚರ್ಚಿನಲ್ಲಿ ಜ್ಞಾನಸ್ನಾನದ ನೀರು ಮೊದಲು ಬಿದ್ದದ್ದು ರೆನ್ಸೊನ ತಲೆಗೆ, ಅವನ ತಲೆಯ ಎಣ್ಣೆ ತೇಲುವ ನೀರು ತನ್ನ ತಲೆಗೆ. ಸೈಕಲ್ಲಿನ ಸೀಟು ಅವನಿಗೆ, ಹಿಂದಿನ ಕಂಬಿ ತನಗೆ. ಇಬ್ಬರ ಕಾಲೂ ಒಂದೇ ಅಳತೆಯಾದದ್ದರಿಂದ ಹೊಸ ಬೂಟು ಬಂದಾಗ ಅವನಿಗೆ ಮೊದಲ ಆಯ್ಕೆ, ಕಂದು ಬಣ್ಣದ್ದು ಅವನಿಗೆ, ಅಂಗಡಿಯವನು ತಳ್ಳಿಹಾಕಲು ನೋಡುತ್ತಿದ್ದ ಹಳದಿಯದ್ದು ತನಗೆ. ಏನು ವಾದ ಬಂದರೂ ರೆನ್ಸೊ ಗದ್ದ ಮೇಲೆತ್ತಿ, “ಲೋ ಮರಿ, ನಾನು ನಿನಗಿಂತ ಹೆಚ್ಚು ಲೋಕ ನೋಡಿದೋನು” ಎನ್ನುತ್ತಿದ್ದ. ಹದಿನೈದಕ್ಕೆ ಅದು ತಮಾಷೆ, ಮೂವತ್ತಕ್ಕೆ ಅಭ್ಯಾಸ, ಐವತ್ತರ ನಂತರ ಅದು ಕಾನೂನೇ ಆಗಿಬಿಟ್ಟಿತು. ಅಪ್ಪ ತೀರಿಹೋದ ಮಾರನೆಯ ಶನಿವಾರ, ಯಾರೂ ಹೇಳದೆ, ಯಾರೂ ಕೇಳದೆ, ಮಾಂಸ ಸುಡುವ ಇಕ್ಕಳ ರೆನ್ಸೊನ ಕೈಗೆ ಹೋಯಿತು. ಅಂದಿನಿಂದ ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಅವನು ಕೆಂಡದ ಮುಂದೆ ಕಾಲಗಲಿಸಿ ನಿಂತ. ಅವನ ಹತ್ತಿರ ಹೋಗಿ ಸಲಹೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಕೊಡುವ ಪದ್ಧತಿಯೂ ಇಲ್ಲ. ಒವಿದಿಯೊ ಮಾತ್ರ ಟೊಮೇಟೊ ಹೆಚ್ಚಿದ, ಐಸ್ ತಂದ, ಊಟಕ್ಕೆ ಕೂತಾಗ ಎಲ್ಲರ ಜೊತೆ ಸುಟ್ಟವನಿಗೆ ಚಪ್ಪಾಳೆ ತಟ್ಟಿದ. ಈ ಎರಡನೆಯತನದ ಬಾಧೆ ತಾಳಲಾರದೆ ಅವನು ಮನೋವಿಶ್ಲೇಷಕರ ಮಂಚದ ಮೇಲೆ ಹನ್ನೊಂದು ವರ್ಷ, ಪ್ರತಿ ಬುಧವಾರ, ಅಂಗಾತ ಮಲಗಿದ್ದ. ಆ ಮಹಾನುಭಾವರು ಹನ್ನೊಂದು ವರ್ಷದಲ್ಲಿ “ಹೂಂ” ಎಂದದ್ದು ಬಿಟ್ಟರೆ ಒಮ್ಮೆ ಮಾತ್ರ “ಹೂಂ?” ಎಂದಿದ್ದರು. ಅದರ ಅರ್ಥವೇನೆಂದು ಅವನು ಮುಂದಿನ ಎರಡು ವರ್ಷ ಅವರಿಗೆ ವಿವರಿಸಿದ್ದ. ಈಗ ನೋಡಿದರೆ ಕಾಯಿಲೆಯೇ ಇರಲಿಲ್ಲ. ಇಲ್ಲದ ಕಾಯಿಲೆ ವಾಸಿಯಾಗದೆ ಹೋದದ್ದರಲ್ಲಿ ಆಶ್ಚರ್ಯವೇನು?

ಲಕೋಟೆಯಿಂದ ಹಾಳೆಯನ್ನು ಅರ್ಧ ಎಳೆದು ಮತ್ತೆ ನೋಡಿದ. ಕೆಳಗೆ ಅಪ್ಪನ ಸಹಿ. ಅಮಾದೆಯೊ ಗಾರ್ಬಿನ್, ದೊಡ್ಡ ದೊಡ್ಡ ಅಕ್ಷರ, ಕೊನೆಯಲ್ಲಿ ಹಗ್ಗದ ಗಂಟಿನಂತೆ ಒಂದು ಸುತ್ತು. ಸಾಕ್ಷಿಗಳು ಇಬ್ಬರು, ಇಬ್ಬರದೂ ಓದಲಾಗದ ಸಹಿ. ಅಂದರೆ ಅಂದು ಅಪ್ಪ ಹಳ್ಳಿಯ ನೋಂದಣಿ ಕಚೇರಿಗೆ ನಡೆದುಹೋಗಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗುಮಾಸ್ತನ ಮುಂದೆ ನಿಂತು, ಸರ್ಕಾರಕ್ಕೆ ತಿಳಿಯುವಂತೆ ಹೇಳಿದ್ದರು, ಮೊದಲನೆಯವನು ಒವಿದಿಯೊ ಎಂದು. ಮನೆಗೆ ಬಂದ ಮೇಲೆ ರೆನ್ಸೊನೇ ದೊಡ್ಡವನೆಂಬ ಅಮ್ಮನ ಮಾತಿಗೆ ಎದುರಾಡದೆ ಸುಮ್ಮನಿದ್ದರು, ಅವರು ಅಮ್ಮನಿಗೆ ಯಾವತ್ತೂ ಎದುರಾಡಿದವರಲ್ಲ. ಆದರೆ ಕಾಗದದಲ್ಲಿ ತಮ್ಮ ಮನಸ್ಸು ಬರೆದಿಟ್ಟು ಹೋದರು. ಜೀವಮಾನವಿಡೀ ಆ ಮನುಷ್ಯ ಅವನನ್ನು ಒಮ್ಮೆಯೂ ಹತ್ತಿರ ಕೂರಿಸಿಕೊಂಡು ಮಾತಾಡಿದ್ದಿಲ್ಲ. ಆಸ್ಪತ್ರೆಯ ಕೊನೆಯ ವಾರ, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವನು ಇವನು, ಕಣ್ಣು ತೆರೆದಾಗಲೆಲ್ಲ ಅವರು ಕರೆದದ್ದು ರೆನ್ಸೊನ ಹೆಸರು. ಇವನು ತಿದ್ದಲೂ ಇಲ್ಲ, “ಹೇಳಿ ಅಪ್ಪಾ” ಎಂದು ರೆನ್ಸೊನ ಹೆಸರಿನಲ್ಲೇ ಓಗೊಟ್ಟಿದ್ದ. ಆದರೆ ಒಳಗೊಳಗೆ, ಅಷ್ಟು ವರ್ಷ, ಅವರ ಲೆಕ್ಕದಲ್ಲಿ ಮೊದಲನೆಯವನು ತಾನಾಗಿದ್ದ. ಕಣ್ಣು ತುಂಬಿಬಂತು, ಮೂಗೂ ಸೋರತೊಡಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಮೂವತ್ತೊಂಬತ್ತರ ಅಗಲ ಪಾದ, ಒಳ್ಳೆಯ ಚರ್ಮದ ಬೂಟು, ಕಾಗದದ ಕರವಸ್ತ್ರ ಚಾಚಿ ಕೇಳಿದಳು.

“ಯಾರಾದ್ರೂ ಹೋದ್ರಾ?”

“ಇಲ್ಲ ರೀ. ನಾನು ಮೊದಲು ಹುಟ್ಟಿದೆ.”

“ಓಹ್,” ಎಂದ ಆಕೆ ಸ್ವಲ್ಪ ಯೋಚಿಸಿ, “ಶುಭವಾಗಲಿ,” ಎಂದು ಮುಂದಿನ ನಿಲ್ದಾಣದಲ್ಲಿ ಇಳಿದುಹೋದಳು. ಅದು ಅವಳ ನಿಲ್ದಾಣವೇ ಆಗಿತ್ತೆಂದು ನಂಬಲು ಅವನು ಪ್ರಯತ್ನಪಟ್ಟ.

ಅಮ್ಮನ ಮನೆಯ ಬೀದಿಯಲ್ಲಿ ಇಳಿದಾಗ ಹೊಗೆಯ ವಾಸನೆ ಮೂಲೆಯವರೆಗೂ ಬಂದಿತ್ತು. ನಡೆಯುತ್ತ ನಡೆಯುತ್ತ ಅವನು ಉದಾತ್ತನಾದ. ಹೇಳುವುದಿಲ್ಲ. ಅರವತ್ತೊಂದು ವರ್ಷ ತಾಳಿಕೊಂಡವನಿಗೆ ಇನ್ನೊಂದು ಶನಿವಾರ ಹೆಚ್ಚೇನಲ್ಲ. ಗುರುವಾರ ದೂತಾವಾಸದ ಕಿಟಕಿಯಲ್ಲಿ ಕಾಗದ ಕೊಟ್ಟು ಬಂದರೆ ಮುಗಿಯಿತು, ರೆನ್ಸೊ ಎಂದೂ ತಿಳಿಯದೆ ಸುಖವಾಗಿ ಸಾಯಲಿ. ಕ್ಷಮಿಸುವವನ ಮುಖ ಹೇಗಿರಬೇಕೋ ಹಾಗೆ ಮುಖ ಮಾಡಿಕೊಂಡು ಒಂದು ಅಂಗಡಿಯ ಗಾಜಿನಲ್ಲಿ ನೋಡಿಕೊಂಡ, ಚೆನ್ನಾಗಿಯೇ ಇತ್ತು. ಆದರೆ ಗೇಟಿನ ಹತ್ತಿರ ಬಂದಾಗ ಅವನ ಕೈ ತನ್ನಷ್ಟಕ್ಕೆ ಲಕೋಟೆಯನ್ನು ಕೋಟಿನ ಒಳಜೇಬಿನಿಂದ ತೆಗೆದು ಹೊರಜೇಬಿಗೆ ಹಾಕಿತು, ಅದೂ ನಾಲ್ಕು ಬೆರಳು ಹೊರಗೆ ಕಾಣುವಂತೆ. ಅವನು ಅದನ್ನು ಗಮನಿಸಿದ. ಗಮನಿಸಿಯೂ ಸರಿಮಾಡಲಿಲ್ಲ. ಇಂಥ ನೀಚ ಬುದ್ಧಿ ಯಾರಿಂದ ಬಂತು, ಬೊರ್ತೊಲೊನಿಂದಲೇ ಇರಬೇಕು ಎಂದುಕೊಳ್ಳುತ್ತ ಹಿತ್ತಲಿಗೆ ಹೋದ.

ಹಿತ್ತಲಿನಲ್ಲಿ ದ್ರಾಕ್ಷಿ ಬಳ್ಳಿಯ ಕೆಳಗೆ ಉದ್ದ ಮೇಜು ಹಾಕಿತ್ತು. ಇಟ್ಟಿಗೆಯ ಒಲೆಯ ಮುಂದೆ ರೆನ್ಸೊ ಇಕ್ಕಳ ಹಿಡಿದು ನಿಂತಿದ್ದ, ಸರಳಿನ ಮೇಲೆ ಪಕ್ಕೆಲುಬುಗಳು ಚುರುಗುಡುತ್ತಿದ್ದವು. ಒವಿದಿಯೊನ ಹೆಂಡತಿ ಜುಲೆಮಾ ತಟ್ಟೆಗಳನ್ನು ಜೋಡಿಸುತ್ತಿದ್ದಳು. ರೆನ್ಸೊನ ಮಗಳು ಗ್ರಿಸೆಲ್ದಾ ಮೇಜಿನ ತುದಿಯಲ್ಲಿ ಒಂದು ದಪ್ಪ ಕಡತವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಟಲಿಯ ಕೆಲಸವೆಲ್ಲ ಅವಳದೇ. ಸತ್ತ ಗಾರ್ಬಿನ್‌ಗಳನ್ನು ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ಸಾಲಾಗಿ ಮಲಗಿಸಿ, ಬದುಕಿರುವವರ ಜಾಗ ಖಾಲಿ ಬಿಟ್ಟಿದ್ದಳು.

“ಬಂದ್ಯಾ ಮರಿ? ಐಸ್ ಎಲ್ಲಿ?” ಅಂದ ರೆನ್ಸೊ, ತಿರುಗಿಯೂ ನೋಡದೆ.

“ಮರೆತೆ.”

“ಮರೆತ್ಯಾ! ನೋಡ್ದೆಯಾ ಜುಲೆಮಾ, ನಿನ್ನ ಗಂಡಂಗೆ ಒಂದೇ ಒಂದು ಕೆಲಸ ಹೇಳಿದ್ದು.”

ಅಷ್ಟರಲ್ಲಿ ಗ್ರಿಸೆಲ್ದಾ ಎದ್ದು ಬಂದು ಅವನ ಜೇಬಿನಿಂದ ಲಕೋಟೆ ಕಿತ್ತುಕೊಂಡಳು. “ಬಂತಾ ಚಿಕ್ಕಪ್ಪ? ಕೊಡಿ ಇಲ್ಲಿ. ನಿಮ್ಮ ಕೈಲಿದ್ರೆ ಅದರ ಮೇಲೆ ಎಣ್ಣೆ ಬೀಳತ್ತೆ.” ಹಾಳೆಗಳನ್ನು ಬಿಡಿಸಿ, ಬೆರಳಿಟ್ಟು, ಹೆಸರು, ತಾರೀಖು, ಊರು ಎಂದು ಒಂದೊಂದಾಗಿ ಓದಿ ಪರೀಕ್ಷಿಸತೊಡಗಿದಳು. ಒವಿದಿಯೊ ಬಳ್ಳಿಯ ಎಲೆ ಎಣಿಸುವವನಂತೆ ಮೇಲೆ ನೋಡುತ್ತ ನಿಂತ. ಅವಳ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಮುಂದೆ ಬಂತು. “ಇದೇನಿದು?” ಎಂದಳು. ಆಮೇಲೆ ಗಟ್ಟಿಯಾಗಿ ಓದಿದಳು, ಪೂರ್ತಿ, ಎರಡೂ ಹಾಳೆ. ಜುಲೆಮಾಳ ಕೈಯಲ್ಲಿ ತಟ್ಟೆ ಹಾಗೇ ಉಳಿಯಿತು.

“ಎಲ್ಲಿ, ಕೊಡು,” ಅಂದ ರೆನ್ಸೊ. ಓದುವ ಕನ್ನಡಕಕ್ಕಾಗಿ ಮೈಯೆಲ್ಲ ತಡಕಿದ, ಅದು ಹಣೆಯ ಮೇಲೇ ಇತ್ತು. ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಮೂರನೆಯ ಸಲ ಅಪ್ಪನ ಸಹಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದ, ನಕಲು ಪ್ರತಿ ಎಂಬುದು ಮರೆತಿರಬೇಕು. ಅವನ ಮುಖದಲ್ಲಿ ಏನು ನಡೆಯುತ್ತಿದೆಯೆಂದು ಒವಿದಿಯೊಗೆ ಗೊತ್ತಾಗಲಿಲ್ಲ. ತನ್ನದೇ ಮುಖ, ದಿನಾ ಕನ್ನಡಿಯಲ್ಲಿ ನೋಡುವ ಮುಖ, ಆದರೂ ಗೊತ್ತಾಗಲಿಲ್ಲ. ಈ ಗಳಿಗೆಯನ್ನು ಅವನು ಐನೂರು ಬುಧವಾರ ಕನಸು ಕಂಡಿದ್ದ. ಕನಸಿನಲ್ಲಿ ರೆನ್ಸೊ ಕೂಗಾಡುತ್ತಿದ್ದ, ಇಲ್ಲವೆ ಕುಸಿಯುತ್ತಿದ್ದ. ಈಗ ಅವನು ಸುಮ್ಮನೆ ಹಾಳೆಯನ್ನು ಮಗಳಿಗೆ ಕೊಟ್ಟು, ಇಕ್ಕಳವನ್ನು ತನ್ನ ಏಪ್ರನ್ನಿಗೆ ಒರೆಸಿ, ಹಿಡಿಕೆಯನ್ನು ಮುಂದೆ ಮಾಡಿ, ಒವಿದಿಯೊಗೆ ಚಾಚಿದ.

“ತಗೋ. ನಿಂದು.”

“ಲೋ, ಬೇಡ ಕಣೋ...”

“ತಗೋ ಅಂದೆ. ಸರ್ಕಾರ ಹೇಳ್ತಿದೆ.”

“ಅಯ್ಯೋ ಮುದುಕಾ, ತಗೊಳ್ಳೋ, ಅಲ್ಲಿ ಮಾಂಸ ಸೀದು ಹೋಗ್ತಿದೆ,” ಎಂದಳು ಜುಲೆಮಾ. ಗ್ರಿಸೆಲ್ದಾಳಿಗೆ ನಗು ತಡೆಯಲಾಗಲಿಲ್ಲ. “ಹಂಗಾದ್ರೆ ಇವತ್ತಿಂದ ನಿಮ್ಮನ್ನ ದೊಡ್ಡಪ್ಪ ಅನ್ನಬೇಕಾ? ನಂಗೆ ನಲವತ್ತು ವರ್ಷದ ಅಭ್ಯಾಸ ತಪ್ಪಿಸ್ತಿದ್ದೀರಲ್ಲ!” ಎಂದು ನಕ್ಕು, ನಗು ನಿಂತ ಮೇಲೆ ಕಡತ ತಟ್ಟಿ ಗಂಭೀರವಾಗಿ ಹೇಳಿದಳು, “ತಮಾಷೆ ಸಾಕು. ಇದರಲ್ಲಿ ಏನಾದ್ರೂ ತಪ್ಪಿದೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಈಗ್ಲೇ ಬಾಯಿ ಬಿಡಿ. ಗೊತ್ತಿಲ್ದಿದ್ರೆ ಗುರುವಾರದವರೆಗೆ ಬಾಯಿ ಮುಚ್ಕೊಂಡಿರಿ. ಏಳು ವರ್ಷ ಕಾದಿದೀನಿ.”

ಇಕ್ಕಳ ಅವನು ಎಣಿಸಿದ್ದಕ್ಕಿಂತ ಭಾರವಿತ್ತು, ಬಿಸಿಯೂ ಇತ್ತು. ಕೆಂಡದ ಮುಂದೆ ಕಾಲಗಲಿಸಿ ನಿಂತ. ಒಂದು ಪಕ್ಕೆಲುಬನ್ನು ತಿರುವಿದ, ಅದು ಅಂಟಿಕೊಂಡು ಅರ್ಧ ಸರಳಿನಲ್ಲೇ ಉಳಿಯಿತು. ಯಾರೂ ಸಲಹೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಹೊಟ್ಟೆಕಿಚ್ಚಿನಿಂದ ದೂರ ನಿಂತು ನೋಡಿದ್ದ ಆ ಗೌರವದ ಮೌನ ಹತ್ತಿರದಿಂದ ನೋಡಿದರೆ ಬಹಳ ಒಂಟಿಯಾಗಿತ್ತು. ಕೆಂಡ ಹೆಚ್ಚಿತೋ ಕಡಿಮೆಯಾಯಿತೋ ತಿಳಿಯದು. ಹೊಗೆ ಕಣ್ಣಿಗೇ ಬರುತ್ತಿತ್ತು, ಈ ಕಡೆ ನಿಂತರೆ ಈ ಕಡೆಗೆ, ಆ ಕಡೆ ನಿಂತರೆ ಆ ಕಡೆಗೆ. ಉಪ್ಪು ಹಾಕಿದ್ದಾರೆಯೇ ಎಂದು ಕೇಳಲು ಬಾಯಿ ತೆರೆದವನು ಸುಡುವವನು ಕೇಳುವ ಪ್ರಶ್ನೆ ಇದಲ್ಲವೆಂದು ಹೊಳೆದು, ತಾನೇ ತರುತ್ತೇನೆಂದು ಅಡಿಗೆಮನೆಗೆ ಹೋದ. ಅಷ್ಟರಮಟ್ಟಿಗೆ ಅದು ಪಲಾಯನವೇ.

ಅಮ್ಮ ಎರ್ಸಿಲಿಯಾ ಅಡಿಗೆಮನೆಯ ಕಿಟಕಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದಳು. ಎಂಬತ್ತೈದು ವರ್ಷ, ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಬೆಕ್ಕಿನದು. ಮೂವತ್ನಾಲ್ಕರ ಪಾದ, ಊದಿಕೊಂಡು ಮೂವತ್ತಾರಾಗಿತ್ತು.

“ಎಲ್ಲಾ ಕೇಳಿಸ್ಕೊಂಡೆ,” ಎಂದಳು. “ಆ ಕಾಗದದ ಮುಖಕ್ಕೆ ನನ್ನ ಚಪ್ಪಲಿ. ಮೊದಲು ಬಂದಿದ್ದು ರೆನ್ಸೊನೇ.”

“ಅಮ್ಮಾ, ಅಪ್ಪ ಸಹಿ ಹಾಕಿದಾರೆ.”

“ನಿಮ್ಮಪ್ಪ ಇದ್ದನಾ ಅಲ್ಲಿ? ನಾನಿದ್ದೆ ಕಣೋ. ನಾನು, ಸೂಲಗಿತ್ತಿ. ಅವನು ರಾತ್ರಿಯಿಡೀ ಕ್ಲಬ್ಬಿನಲ್ಲಿ ಮರದ ಚೆಂಡು ಉರುಳಿಸೋ ಆಟ ಆಡ್ತಾ ಕೂತಿದ್ದ. ಅವಳಿ ಗಂಡುಮಕ್ಕಳು ಅಂತ ಸುದ್ದಿ ಹೋಯ್ತು ನೋಡು, ಮೂರು ದಿನ ಇಡೀ ಊರು ಅವನಿಗೆ ಕುಡಿಸ್ತು. ನಾಲ್ಕನೇ ದಿನ ಇನ್ನಿಬ್ಬರು ಕುಡುಕರನ್ನ ಸಾಕ್ಷಿಗೆ ಕರ್ಕೊಂಡು ಬರೆಸೋಕೆ ಹೋದ. ಗುಮಾಸ್ತ ಕೇಳಿರ್ತಾನೆ, ಮೊದಲನೇದು ಯಾವ್ದು ಅಂತ. ಇವನ ಬಾಯಿಗೆ ಯಾವ ಹೆಸರು ಮೊದಲು ಬಂತೋ ಅದನ್ನೇ ಹೇಳಿದಾನೆ.”

ಆದರೂ ಒವಿದಿಯೊ ಒಂದು ಎಳೆ ಹಿಡಿದುಕೊಂಡ. “ನನ್ನ ಹೆಸರೇ ಯಾಕೆ ಮೊದಲು ಬಂತು, ಅಮ್ಮ?”

ಎರ್ಸಿಲಿಯಾ ಬಟಾಣಿ ಸಿಪ್ಪೆಯನ್ನು ನಿಧಾನವಾಗಿ ಬಕೆಟ್ಟಿಗೆ ಹಾಕಿದಳು. “ಅದು ಅವನ ಕುದುರೆ ಹೆಸರು.”

“ಏನು?”

“ಕುದುರೆ ಕಣೋ. ಒವಿದಿಯೊ. ಕೆಂಚು ಕುದುರೆ, ಹಣೆ ಮೇಲೆ ಬಿಳಿ ಮಚ್ಚೆ. ನೀವು ಹುಟ್ಟೋಕೆ ಎರಡು ತಿಂಗಳು ಮುಂಚೆ ಸತ್ತುಹೋಯ್ತು. ನಾನು ಬೇಡ ಅಂದೆ, ಕೇಳ್ಲಿಲ್ಲ.”

“ಸೋದರಮಾವನ ಹೆಸರು ಅಂದಿದ್ದೆಯಲ್ಲ ನೀನು!”

“ಮತ್ತೆ ಸ್ಕೂಲಿಗೆ ಹೋಗೋ ಮಗುಗೆ ಕುದುರೆ ಹೆಸರು ಅಂತ ಹೇಳಕ್ಕಾಗತ್ತಾ?” ಅಮ್ಮ ಅವನತ್ತ ತಿರುಗಿದಳು. ಪೊರೆ ಬಂದ ಕಣ್ಣು ಅವನ ಕಿವಿಯ ಪಕ್ಕದ ಗೋಡೆಯನ್ನು ನೋಡಿತು. “ಮುಖ ಸಣ್ಣ ಮಾಡ್ಬೇಡ. ಆ ಕುದುರೆ ಸತ್ತಾಗ ನಿಮ್ಮಪ್ಪ ಅತ್ತಿದ್ದು ನಾನು ಕಂಡಿದೀನಿ. ಅವರಮ್ಮ ಸತ್ತಾಗಲೂ ಅಷ್ಟು ಅಳ್ಲಿಲ್ಲ. ಇನ್ನು ನೀನು ಹುಟ್ಟಿದ್ದು ಹೇಳ್ತೀನಿ ಕೇಳು. ರೆನ್ಸೊ ಒಂದು ರಾತ್ರಿ ಪೂರ್ತಿ ನನ್ನ ಜೀವ ತಿಂದ. ಹೊರಗೆ ಬಂದ ಮೇಲೂ ಏನು ಚೀರಾಟ! ಎಲ್ಲ ಮುಗೀತು ಅಂತ ಸೂಲಗಿತ್ತಿ ಕೈ ತೊಳ್ಕೊಂಡು ಕಾಫಿಗೆ ನೀರಿಟ್ಟಿದ್ದಳು. ಇನ್ನೊಂದಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ನೀನು ನಿನ್ನಷ್ಟಕ್ಕೆ ಜಾರ್ಕೊಂಡು ಬಂದೆ, ಒಂದು ಕೂಗಿಲ್ಲ, ಕಿರುಚಿಲ್ಲ. ಕಣ್ಣು ಬಿಟ್ಕೊಂಡು ಬಿದ್ದಿದ್ದೆ, ತಪ್ಪು ಮನೆಗೆ ಬಂದೋರ ಹಾಗೆ. ನಂಗೆ ನಗು ಬಂದ್ಬಿಡ್ತು. ಅಷ್ಟು ನೋವಿನಲ್ಲಿ ನಕ್ಕೆ ಕಣೋ ನಿನ್ನ ನೋಡಿ.”

ಒವಿದಿಯೊ ಉಪ್ಪಿನ ಡಬ್ಬಿ ಹಿಡಿದು ನಿಂತೇ ಇದ್ದ. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಅಪ್ಪ ಕುಸಿದುಬಿದ್ದಿದ್ದರು, ಟೋಪಿ ಕಂಕುಳಲ್ಲಿಟ್ಟುಕೊಂಡ ಗಂಭೀರ ಮನುಷ್ಯ ಹೋಗಿ ಇಬ್ಬರು ಕುಡುಕರ ನಡುವೆ ತೂಗಾಡುವ ಯುವಕ ನಿಂತಿದ್ದ, ನಾಲಿಗೆಯ ತುದಿಯಲ್ಲಿ ಒಂದು ಕುದುರೆ. ಅವಮಾನ ಆಗಬೇಕಿತ್ತು. ಆಗಲಿಲ್ಲವೆಂದಲ್ಲ, ಆಯಿತು, ಆದರೆ ಅದರ ಜೊತೆಗೇ ಇನ್ನೇನೋ ಬಂತು. ಇಪ್ಪತ್ತನಾಲ್ಕರ ಹುಡುಗ, ತೀರಾ ಪ್ರೀತಿಸಿದ ಒಂದು ಹೆಸರು ಮಣ್ಣಾಗದಿರಲೆಂದು ಅದನ್ನು ತಂದು ಇವನ ತಲೆಗೆ ಕಟ್ಟಿದ್ದ. ಅದಕ್ಕಿಂತ ಹೆಚ್ಚು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅಷ್ಟು ಕೊಟ್ಟಿದ್ದರಲ್ಲ, ಒವಿದಿಯೊಗೆ ಸಾಕೆನಿಸಿತು, ಸಾಕೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮರುಗಳಿಗೆಯಲ್ಲೇ ಇನ್ನೊಂದು ನಾಚಿಕೆ ಬಂದು ಮೇಲೆ ಕೂತಿತು. ಹೊರಗೆ ರೆನ್ಸೊ ಕಾಗದವನ್ನು ನಂಬಿ ಕೂತಿದ್ದಾನೆ. ನಿಜವಾದ ಅಣ್ಣ ತನ್ನದಲ್ಲದ ತಮ್ಮತನ ಹೊತ್ತು ಕೂತಿದ್ದಾನೆ, ಇಕ್ಕಳ ತನ್ನ ಕೈಯಲ್ಲಿದೆ. “ಗುರುವಾರದವರೆಗೆ ಇದನ್ನ ಯಾರಿಗೂ ಹೇಳ್ಬೇಡ ಅಮ್ಮ, ತಾರೀಖು ತಪ್ಪತ್ತೆ,” ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಏಳು ವರ್ಷ ಕಾದ ತಾರೀಖು, ಗ್ರಿಸೆಲ್ದಾಳ ಕಡತ, ಮಕ್ಕಳ ಭವಿಷ್ಯ, ಎಲ್ಲ ಒಳ್ಳೆಯ ಕಾರಣಗಳೇ. ಆ ಒಳ್ಳೆಯ ಕಾರಣಗಳ ಹಿಂದೆ ತಾನು ಅಡಗಿ ಕೂತದ್ದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲ, ಈಗಲೇ ಹೇಳಿಬಿಡಬೇಕು. ಗ್ರಿಸೆಲ್ದಾಳಿಗೆ ಬೇಡ, ರೆನ್ಸೊಗೆ, ಕಿವಿಯಲ್ಲಿ, ಇಕ್ಕಳ ವಾಪಸು ಕೊಟ್ಟು. ಅಮ್ಮ ಬಟಾಣಿಗೆ ಮರಳಿದಳು.

ರೆನ್ಸೊ ಬಳ್ಳಿಯ ನೆರಳಿನಲ್ಲಿ, ಒವಿದಿಯೊ ಯಾವಾಗಲೂ ಕೂರುವ ಗಿಡ್ಡ ಕುರ್ಚಿಯಲ್ಲಿ ಕೂತು ಟೊಮೇಟೊ ಹೆಚ್ಚುತ್ತಿದ್ದ. ಬೂಟು ಕಳಚಿ ಪಕ್ಕಕ್ಕಿಟ್ಟಿದ್ದ. ಅವನ ಬರಿಗಾಲನ್ನು ಒವಿದಿಯೊ ಎಷ್ಟು ವರ್ಷಗಳ ಮೇಲೆ ನೋಡುತ್ತಿದ್ದನೋ. ನಲವತ್ತೆರಡು, ಎಡಗಾಲು ಒಂದು ಎಳೆ ದೊಡ್ಡದು, ತನ್ನದರ ಹಾಗೆಯೇ, ಆದರೆ ಬೆರಳುಗಳು ಒಂದರ ಮೇಲೊಂದು ಹತ್ತಿ ಮುದುಡಿಕೊಂಡಿದ್ದವು.

“ರೆನ್ಸೊ, ಒಂದು ಮಾತು.”

“ಮೊದಲು ನನ್ನ ಮಾತು ಕೇಳು,” ಎಂದ ರೆನ್ಸೊ, ತಲೆ ಎತ್ತದೆ, ದನಿ ತಗ್ಗಿಸಿ. “ನಂಗೆ ಮಾಂಸ ಸುಡೋಕೆ ಬರಲ್ಲ ಕಣೋ.”

“ಏನಂದೆ?”

“ಬರಲ್ಲ. ಯಾವತ್ತೂ ಬರ್ಲಿಲ್ಲ. ಅದು ಬೆಂದಿದೆಯೋ ಇಲ್ವೋ ನಂಗೆ ಗೊತ್ತೇ ಆಗಲ್ಲ. ಇಪ್ಪತ್ತೆರಡು ವರ್ಷದಿಂದ ಅಂದಾಜಿನ ಮೇಲೆ ನಡೆಸ್ತಿದೀನಿ. ಶುಕ್ರವಾರ ರಾತ್ರಿ ನಿದ್ದೆ ಬರಲ್ಲ. ನೀವೆಲ್ಲ ಚಪ್ಪಾಳೆ ತಟ್ಟೋವರೆಗೂ ಬೆನ್ನಲ್ಲಿ ಬೆವರು.” ಅವನು ಒಂದು ಟೊಮೇಟೊ ಎರಡು ಹೋಳು ಮಾಡಿದ. “ಅಪ್ಪ ಹೋದಾಗ ಶವಪೆಟ್ಟಿಗೆ ಯಾವ್ದು ಬೇಕು ಅಂತ ಕೇಳಿದ್ದು ನನ್ನನ್ನ. ನಂಗೇನು ಗೊತ್ತು? ಬೆರಳು ತೋರಿಸ್ದೆ. ಕಾಲಿನ ಹತ್ರ ಬಿಗಿಯಾಯ್ತೇನೋ ಅಂತ ಇವತ್ತಿಗೂ ಅನುಮಾನ. ಅಮ್ಮನ ಆಪರೇಶನ್ ಆಗ್ಲಿ, ಮನೆ ಸೋರ್ಲಿ, ಎಲ್ಲರೂ ನನ್ನ ಮುಖ ನೋಡ್ತೀರಿ. ನಾನು ಗದ್ದ ಎತ್ತಿ ಏನೋ ಒಂದು ಹೇಳ್ತೀನಿ. ಇವತ್ತು ಆ ಹಾಳೆ ಓದ್ದಾಗ, ನಂಬ್ತೀಯೋ ಬಿಡ್ತೀಯೋ, ಬೂಟಿನೊಳಗಿಂದ ಕಲ್ಲು ತೆಗೆದ ಹಾಗಾಯ್ತು. ನಂದೇನಲ್ಲ ಇದು, ಇಷ್ಟು ದಿನ ನಿಂದನ್ನ ನಾನು ಹೊತ್ಕೊಂಡಿದ್ದೆ ಅಂತ. ಕ್ಷಮಿಸು ಮಾರಾಯ. ನೋಡು, ಟೊಮೇಟೊ ಎಷ್ಟು ಚೆನ್ನಾಗಿ ಹೆಚ್ಚಿದೀನಿ.”

ಚೆನ್ನಾಗಿರಲಿಲ್ಲ. ಒಂದು ಹೋಳು ಬೆರಳಿನಷ್ಟು ದಪ್ಪ, ಇನ್ನೊಂದು ಸಿಪ್ಪೆಯಷ್ಟು ತೆಳು. ಆದರೆ ರೆನ್ಸೊ ಅದನ್ನು ಬಟ್ಟಲಲ್ಲಿ ಸುತ್ತಲೂ ಹೂವಿನಂತೆ ಜೋಡಿಸಿದ್ದ, ನಡುವೆ ಒಂದು ಆಲಿವ್ ಇಟ್ಟಿದ್ದ. ಅರವತ್ತೊಂದು ವರ್ಷದ ಮುಖದಲ್ಲಿ ಒಂದು ಹಗುರತನ, ಒಂದು ಸೋಮಾರಿತನ ಹರಡಿತ್ತು. ಆ ಮುಖವನ್ನು ತಾನು ಎಂದಾದರೂ ಕನ್ನಡಿಯಲ್ಲಿ ನೋಡಿದ್ದೆನೇ ಎಂದು ಒವಿದಿಯೊ ಯೋಚಿಸಿದ. ಹನ್ನೊಂದು ವರ್ಷ ಮಂಚದ ಮೇಲೆ ಮಲಗಿ ಕದ್ದವನ ಮೇಲೆ ದೂರು ಹೇಳಿದ್ದ. ಕದ್ದದ್ದನ್ನು ಹೊತ್ತವನ ಬೆನ್ನು ನೋಯುತ್ತಿದೆಯೇ ಎಂದು ಅವನಿಗಾಗಲಿ, ಹೂಂ ಎನ್ನುವ ಆ ಮಹಾಶಯರಿಗಾಗಲಿ ಹೊಳೆದಿರಲಿಲ್ಲ. ಈಗ ಒಂದು ಮಾತು ಹೇಳಿದರೆ ತಾನು ಹಗುರಾಗಬಹುದು, ಪ್ರಾಮಾಣಿಕನೂ ಆಗಬಹುದು, ಟೊಮೇಟೊ ಬಟ್ಟಲು ಮರಳಿ ಕೈಗೆ ಬರುತ್ತದೆ. ಒಂದೇ ಮಾತು. ಅದಕ್ಕಾಗಿ ಅವನ ನಾಲಿಗೆ ತವಕಿಸುತ್ತಿತ್ತು.

“ನೀನೇನೋ ಹೇಳ್ಬೇಕು ಅಂದ್ಯಲ್ಲ?” ಎಂದ ರೆನ್ಸೊ.

“ಅಮ್ಮ ಹೇಳಿದ್ಲು...”

“ಏನಂತೆ?”

“ಟೊಮೇಟೊಗೆ ಉಪ್ಪು ಕಡಿಮೆ ಹಾಕ್ಬೇಕಂತೆ. ಅವಳ ರಕ್ತದೊತ್ತಡಕ್ಕೆ.”

“ಸರಿ ಬಿಡು,” ಎಂದು ರೆನ್ಸೊ ಸಿಳ್ಳೆ ಹಾಕುತ್ತ ಈರುಳ್ಳಿ ಎತ್ತಿಕೊಂಡ. ಒವಿದಿಯೊ ಹೊಗೆಗೆ ಹಿಂತಿರುಗಿದ.

ಮಾಂಸ ಹೊರಗೆ ಇದ್ದಿಲಾಗಿತ್ತು, ಒಳಗೆ ಹಸಿಯಾಗಿತ್ತು. ಜುಲೆಮಾ ಒಂದು ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದು, ಕೊನೆಗೆ ಕಿಟಕಿಯ ಕಡೆ ತಿರುಗಿ ನುಂಗಿದಳು. ಗ್ರಿಸೆಲ್ದಾ ತನ್ನ ಪಾಲನ್ನು ತಟ್ಟೆಯ ಸೊಪ್ಪಿನ ಎಲೆಗಳ ಕೆಳಗೆ ಮುಚ್ಚಿಟ್ಟಳು. ಆದರೂ ಪದ್ಧತಿ ಪದ್ಧತಿಯೇ, ಸುಟ್ಟವನಿಗೆ ಚಪ್ಪಾಳೆ ಎಂದು ಯಾರೋ ಕೂಗಿದರು, ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರೆನ್ಸೊ, ಬಾಯಲ್ಲಿ ಬೆರಳಿಟ್ಟು ಸಿಳ್ಳೆಯನ್ನೂ ಹೊಡೆದ. ಒವಿದಿಯೊನ ಬೆನ್ನಿನಲ್ಲಿ ಬೆವರು ಇಳಿಯಿತು. ಅಮ್ಮನನ್ನು ಕೈಹಿಡಿದು ತಂದು ಮೇಜಿನ ತಲೆಗೆ ಕೂರಿಸಿದ್ದರು, ಅವಳು ತನ್ನ ತಟ್ಟೆಯ ಮಾಂಸವನ್ನು ಮೂಸಿ ನೋಡಿ ಬಟಾಣಿ ತಿನ್ನತೊಡಗಿದಳು.

“ಅಂದ ಹಾಗೆ,” ಎಂದಳು ಗ್ರಿಸೆಲ್ದಾ, “ಮಂಗಳವಾರ ಬೆಳಿಗ್ಗೆ ಆರಕ್ಕೆ ಅಜ್ಜಿ ಕಣ್ಣಿನ ಆಪರೇಶನ್ನು. ಯಾರಾದ್ರೂ ಒಬ್ರು ಜೊತೆಗಿದ್ದು ಕಾಗದಕ್ಕೆ ಸಹಿ ಹಾಕ್ಬೇಕಂತೆ. ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ನಮ್ಮದು ಅಂತ.”

ಜುಲೆಮಾಳ ಮುಖ, ಗ್ರಿಸೆಲ್ದಾಳ ಮುಖ ಅಭ್ಯಾಸಬಲದಿಂದ ರೆನ್ಸೊನ ಕಡೆ ತಿರುಗಿ, ಅರ್ಧ ದಾರಿಯಲ್ಲಿ ನೆನಪಾಗಿ, ಒವಿದಿಯೊನ ಕಡೆ ಬಂದು ನಿಂತವು. ಕೊನೆಗೆ ರೆನ್ಸೊ ಕೂಡ, ಬಾಯಿ ತುಂಬ ಬ್ರೆಡ್ಡು ತುಂಬಿಕೊಂಡು, ಇದರಲ್ಲಿ ತನ್ನದೇನೂ ಇಲ್ಲವೆಂಬಂತೆ ಅವನನ್ನು ನೋಡಿದ. ಒವಿದಿಯೊಗೆ ಸಹಿ ಎಂದರೆ ಭಯ, ಆಸ್ಪತ್ರೆ ಎಂದರೆ ಇನ್ನೂ ಭಯ. ಅಮ್ಮನ ಕಣ್ಣಿಗೆ ಏನಾದರೂ ಆದರೆ? ಅವನು ಗದ್ದ ಮೇಲೆತ್ತಿದ.

“ನಾನು ಹೋಗ್ತೀನಿ,” ಎಂದ.

ಅಮ್ಮ ಬಟಾಣಿಯಿಂದ ತಲೆ ಎತ್ತಿದಳು. ಮೇಜಿನ ಸುತ್ತ ಇದ್ದವರಲ್ಲಿ ನಿಜ ಗೊತ್ತಿದ್ದವರು ಅವರಿಬ್ಬರೇ. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಅವನು ಕೂತ ಕಡೆ ನೋಡಿದಳು.

“ನಾಲ್ಕೂವರೆಗೇ ಏಳ್ಬೇಕಾಗತ್ತೆ, ದೊಡ್ಡೋನೇ,” ಎಂದಳು.

“ಏಳ್ತೀನಮ್ಮ.”

ರೆನ್ಸೊ ಇನ್ನೊಂದು ತುಂಡು ಬ್ರೆಡ್ಡಿಗಾಗಿ ಕೈ ಚಾಚಿದ. ಬುಟ್ಟಿ ದೂರವಿತ್ತು. ಒವಿದಿಯೊ ಅದನ್ನು ಅವನ ಹತ್ತಿರಕ್ಕೆ ಸರಿಸಿದ.